ಹನ್ನೊಂದನೆಯ ಪುಟದ ಬಿಳಿ

"ಅಲ್ಲಿ ಅಷ್ಟೊಂದು ಜಾಗ ಖಾಲಿ ಯಾಕೆ ಬಿಟ್ಟಿದಾರೆ?"

ಕೇಳಿದ್ದು ತಾನೇ ಎಂದು ಅವನಿಗೆ ಗೊತ್ತಾದದ್ದು ದನಿ ಗೋಡೆಯ ಬಿಳಿ ಟೈಲುಗಳಿಗೆ ತಗುಲಿ ತನ್ನತ್ತಲೇ ಹಿಂದಿರುಗಿದ ಮೇಲೆ. ಕೈತೊಳೆಯುವ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ನಲ್ಲಿಗಳಲ್ಲಿ ಒಂದು ತೊಟ್ಟಿಕ್ಕುತ್ತಿತ್ತು. ಕನ್ನಡಿಯೊಳಗೆ, ಭುಜದ ಹತ್ತಿರ ಸಡಿಲವಾಗಿದ್ದ ಕಪ್ಪು ಕೋಟು ತೊಟ್ಟ ಐವತ್ತೆರಡು ವರ್ಷದ ಮನುಷ್ಯನೊಬ್ಬ ಒದ್ದೆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಉತ್ತರಕ್ಕೆ ಕಾಯುತ್ತಿದ್ದ. ತೋರುಬೆರಳಿಗೆ ಹತ್ತಿದ ನೀಲಿ ಶಾಯಿ ಎರಡು ಸಲ ಸೋಪು ಹಾಕಿದರೂ ಹೋಗಿರಲಿಲ್ಲ. ಅದು ಮಂತ್ರಿಗಳ ಶಾಯಿ. ಅರ್ಧ ಗಂಟೆಯ ಹಿಂದೆ ಮೇಲಿನ ಸಭಾಂಗಣದಲ್ಲಿ ಎರಡು ಮಿತ್ರದೇಶಗಳ ಮಂತ್ರಿಗಳು ಒಂದೇ ಮೇಜಿಗೆ ಕೂತು ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದ್ದರು. ತನ್ನ ಮಂತ್ರಿಯ ಕುರ್ಚಿಯ ಹಿಂದೆ ನಿಂತು, ಪುಟ ತೆರೆದು ಕೊಟ್ಟು, ಸಹಿಯ ಮೇಲೆ ಹೀರುಕಾಗದ ಒತ್ತುವುದು ಅವನ ಕೆಲಸ. ಒಪ್ಪಂದಕ್ಕೆ ಎರಡು ಪ್ರತಿ: ಕೆಂಪು ಹೊದಿಕೆಯದು ನಮ್ಮಲ್ಲಿ ಉಳಿಯುವುದು, ನೀಲಿ ಹೊದಿಕೆಯದು ಅವರೊಡನೆ ಹೋಗುವುದು. ಮೊದಲು ಕೆಂಪಿಗೆ ಸಹಿಯಾಯಿತು. ಆಮೇಲೆ ಎರಡೂ ಪ್ರತಿಗಳು ಮೇಜಿನ ಮೇಲೆ ಅದಲುಬದಲಾದವು. ನೀಲಿಯದು ಅವನ ಮುಂದೆ ಬಂತು. ಬಲಕ್ಕೆ ಸಹಿಯ ಪುಟ, ಹನ್ನೆರಡನೆಯದು; ಎಡಕ್ಕೆ ಹನ್ನೊಂದನೆಯದು. ಬಲಗೈ ಹೀರುಕಾಗದವನ್ನು ಒತ್ತುತ್ತಿರುವಾಗ ಕಣ್ಣು ಸುಮ್ಮನೆ ಎಡಕ್ಕೆ ಹೋಯಿತು. ಹನ್ನೊಂದನೆಯ ಪುಟದ ಬುಡದಲ್ಲಿ ನಾಲ್ಕು ಬೆರಳಷ್ಟು ಬಿಳಿ. ಕೆಂಪು ಪ್ರತಿಯಲ್ಲಿ ಅಲ್ಲಿ ಬಿಳಿ ಇರಲಿಲ್ಲ, ಒಂದು ವಾಕ್ಯವಿತ್ತು. ಅವನ ಕೈ ಕಾಗದದ ಮೇಲೆ ಹಾಗೇ ನಿಂತಿತು. "ಹಿಂದಿನವರೇ, ತಲೆ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ, ನೆರಳು ಬೀಳ್ತಿದೆ" ಎಂದ ಫೋಟೋದವನೊಬ್ಬ. ಅವನು ತಲೆಯನ್ನು ಪಕ್ಕಕ್ಕೆ ತೆಗೆದುಕೊಂಡ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಒಂದು ಮಾತು ಆಡಬೇಕಾಗಿದ್ದ ಹೊತ್ತಿನಲ್ಲಿ ತಾನು ಮಾಡಿದ್ದು ಅಷ್ಟೇ. ತಲೆ ಪಕ್ಕಕ್ಕೆ ತೆಗೆದುಕೊಂಡದ್ದು.

ಹೊರಗೆ ಬಂದು ಓಣಿಯಂಥ ಉದ್ದನೆಯ ಹಾದಿಯಲ್ಲಿ ನಡೆಯುವಾಗ ಎಡಗಾಲಿನ ಬೂಟು ಕಚ್ಚುತ್ತಿತ್ತು. ಬೂಟು ಭಾವಮೈದುನನದು. ಇಂಥ ದಿನಗಳಿಗೆಂದೇ ಕೇಳಿ ತಂದದ್ದು. "ಮಂತ್ರಿ ಹಿಂದೆ ನಿಲ್ಲೋರ ಕಾಲನ್ನ ಯಾರು ನೋಡ್ತಾರೆ" ಎಂದು ಹೆಂಡತಿ ಬೆಳಿಗ್ಗೆ ನಕ್ಕಿದ್ದಳು. ಆದರೂ ಅದನ್ನು ಒರೆಸಿ ಹೊಳಪು ಬರಿಸಿಕೊಟ್ಟವಳು ಅವಳೇ. ಕೋಟಿನ ಜೇಬಿಗೆ ಕೈ ಹಾಕಿದರೆ ಗಟ್ಟಿಯಾದ ಏನೋ ಸಿಕ್ಕಿತು. ಮಂತ್ರಿಗಳ ಪೆನ್ನಿನ ಮುಚ್ಚಳ. ಸಹಿ ಹಾಕುವ ಮುಂಚೆ ಅವರು ತಿರುಗಿಯೂ ನೋಡದೆ, ಗೋಡೆಯ ಗೂಟಕ್ಕೆ ಟೋಪಿ ತಗುಲಿಸುವ ಹಾಗೆ, ಅದನ್ನು ಅವನತ್ತ ಹಿಡಿದಿದ್ದರು. ಅವನು ಇಸಿದುಕೊಂಡಿದ್ದ. ಹಿಂದಿರುಗಿಸುವುದು ಮರೆತಿತ್ತು. ಮರೆತದ್ದೇ? ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಹಿಗಳ ಹಿಂದೆ ನಿಂತಿದ್ದಾನೆ. ಒಂದು ಮುಚ್ಚಳ ಕೂಡ ಅವನ ಜೇಬಿನಲ್ಲಿ ಉಳಿದದ್ದಿಲ್ಲ. ಈಗ ಓಡಿಹೋಗಿ ಕೊಡಬಹುದು. ಕೊಡುವಾಗ ಕಿವಿಯ ಹತ್ತಿರ ಬಾಗಿ ಹೇಳಿಬಿಡಬಹುದು: ಸ್ವಾಮಿ, ಹನ್ನೊಂದನೇ ಪುಟ. ಆದರೆ ತಾನು ಹೇಳುವ ಕಡೆಯವನಲ್ಲ, ಕೇಳುವ ಕಡೆಯವನು. ದೇವರ ಮುಂದೆ ಕೂತಾಗಲೂ ಅವನು ಏನನ್ನೂ ಬೇಡಿದವನಲ್ಲ. ಆ ಕಡೆಯಿಂದ ಏನಾದರೂ ಬರಬಹುದು, ಬಂದರೆ ತಪ್ಪಿಹೋಗಬಾರದು ಎನ್ನುವವನ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದ.

ಒಪ್ಪಂದ ವಿಭಾಗದಲ್ಲಿ ಅವನಿಗೆ ಕಿವಿ ಎಂದೇ ಹೆಸರು. ಎದುರಿಗೆ ಕರೆದರೂ ಬೇಸರವಿಲ್ಲ. ಗಟ್ಟಿ ಓದುವ ಕೆಲಸದ ಹೆಂಗಸಿಗೆ ಗಂಟಲು ಎಂದು ಹೆಸರು. "ಇನ್ನು ಒಂದು ಮೂಗು ಸಿಕ್ಕಿದರೆ ಬಾಗಿಲಿಗೆ ಡಾಕ್ಟರ ಬೋರ್ಡು ಹಾಕಬಹುದು" ಎನ್ನುವುದು ಅಲ್ಲಿಯ ಹಳೆಯ ತಮಾಷೆ. ಹೊಸಬರು ಬಂದಾಗಲೆಲ್ಲ ಅದನ್ನು ಹೊಸದಾಗಿ ಹೇಳುತ್ತಿದ್ದರು. ಕಂಪ್ಯೂಟರು ಬಂದ ಮೇಲೂ ಅಲ್ಲಿ ಒಂದು ಪದ್ಧತಿಯನ್ನು ಬಿಟ್ಟಿರಲಿಲ್ಲ. ಎರಡೂ ದೇಶದವರು ತಮ್ಮ ತಮ್ಮ ಪ್ರತಿಯನ್ನು ತಾವೇ ಅಚ್ಚು ಮಾಡಿಸಿ ತರುತ್ತಾರೆ. ಸಹಿಗೆ ಮೂರು ದಿನ ಮುಂಚೆ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಒಪ್ಪಿಗೆಯಾದ ಕರಡನ್ನು ಗಂಟಲು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾಳೆ. ಅವರ ಪ್ರತಿಯನ್ನು ನಮ್ಮ ಕೇಳುಗ, ನಮ್ಮ ಪ್ರತಿಯನ್ನು ಅವರ ಕೇಳುಗ, ಸಾಲಿನ ಕೆಳಗೆ ಅಳತೆಪಟ್ಟಿ ಸರಿಸುತ್ತಾ, ಕೇಳಿದ್ದೂ ಕಂಡದ್ದೂ ಒಂದೇ ಹೌದೋ ಅಲ್ಲವೋ ಎಂದು ನೋಡುತ್ತಾರೆ. ಪುಟ ಮುಗಿದರೆ ಮೂಲೆಯಲ್ಲಿ ಸೀಸದಕಡ್ಡಿಯ ಒಂದು ಗುರುತು. ಎಲ್ಲ ಮುಗಿದ ಮೇಲೆ ಇಬ್ಬರು ಕೇಳುಗರೂ ಒಂದು ಹಾಳೆಗೆ ಸಹಿ ಹಾಕುತ್ತಾರೆ: ಎರಡು ಪ್ರತಿಗಳೂ ಅಕ್ಷರಶಃ ಒಂದೇ. ಆ ಹಾಳೆ ಇಲ್ಲದೆ ಪುಟಗಳಿಗೆ ದಾರವನ್ನೂ ಪೋಣಿಸುವುದಿಲ್ಲ, ಗಂಟಿನ ಮೇಲೆ ಅರಗನ್ನೂ ಒತ್ತುವುದಿಲ್ಲ. ನೀಲಿ ಪ್ರತಿಯ ಹನ್ನೊಂದನೆಯ ಪುಟದ ಮೂಲೆಯಲ್ಲಿ ಅವನ ಗುರುತಿತ್ತು. ಚಪ್ಪಾಳೆಯ ನಡುವೆ ಅವನು ಅದನ್ನೂ ನೋಡಿದ್ದ. ಒತ್ತಿ ಹಾಕಿದ, ಸಂತೋಷವಾಗಿರುವವನ ಗುರುತು.

ಹೇಳುವವನಿಗಿಂತ ಕೇಳುವವನು ಎಚ್ಚರವಾಗಿರಬೇಕು ಕಣೋ ಎನ್ನುತ್ತಿದ್ದ ಅಪ್ಪ, ಹೇಳೋನು ತನ್ನ ದನಿಗೆ ತಾನೇ ಮರುಳಾಗಿರ್ತಾನೆ. ಅಪ್ಪ ದರ್ಜಿ. ಹೊಲಿಗೆಯಂತ್ರ ತುಳಿಯುತ್ತಾ ಪದ್ಯ ಹೇಳುವುದು ಅವನ ಅಭ್ಯಾಸ. ಕಾಲಿನ ಲಯಕ್ಕೆ ಸಾಲು, ಸಾಲಿನ ಲಯಕ್ಕೆ ಕಾಲು. ಉದ್ದನೆಯ ಹೊಲಿಗೆಗೆ ಉದ್ದನೆಯ ಪದ್ಯ, ಗುಂಡಿಯ ಕಾಜಾ ಹೊಲಿಯುವಾಗ ತುಂಡು ಪದ್ಯ. ಇವನೂ ಅಕ್ಕನೂ ಬಟ್ಟೆಯ ಚೂರುಗಳ ಮೇಲೆ ಕೂತು ಕೇಳಬೇಕು. ಒಂದು ಸಾಲು ಜಾರಿದರೆ "ಬಿಟ್ಟೆ" ಎನ್ನಬೇಕು. ಮೊದಲು ಹೇಳಿದವರಿಗೆ ಒಂದು ಗುಂಡಿ. ಅಕ್ಕನ ಡಬ್ಬಿಯಲ್ಲಿ ಯಾವಾಗಲೂ ಗುಂಡಿ ಹೆಚ್ಚು. ಅವಳಿಗೆ ಸಾಲು ಜಾರುವ ಮುಂಚೆಯೇ ಗೊತ್ತಾಗುತ್ತಿತ್ತು. ಅಪ್ಪ ಉಸಿರು ತೆಗೆದುಕೊಳ್ಳುವ ರೀತಿಯಲ್ಲೇ ತಿಳಿಯುತ್ತೆ ಎನ್ನುತ್ತಿದ್ದಳು. ಕೆಲವು ಸಲ ಅಪ್ಪ ಬೇಕೆಂದೇ ಬಿಡುತ್ತಿದ್ದ, ಪರೀಕ್ಷೆಗೆ. ಇವನು ಹಿಡಿಯುವಷ್ಟರಲ್ಲಿ ಅವಳ ಕೈ ಗುಂಡಿಯ ಡಬ್ಬಿಯೊಳಗೆ ಇರುತ್ತಿತ್ತು. ಆ ಅಕ್ಕ ಈಗ ಆ ದೇಶದಲ್ಲಿ, ಈವತ್ತು ಸಹಿ ಹಾಕಿದ ಆ ಮಿತ್ರದೇಶದಲ್ಲಿ, ವೃದ್ಧರ ಆರೈಕೆಯ ಮನೆಯೊಂದರ ನೆಲಮಾಳಿಗೆಯಲ್ಲಿ ಹಾಸಿಗೆಬಟ್ಟೆ ಒಗೆಯುತ್ತಾಳೆ. ಹನ್ನೆರಡು ವರ್ಷವಾಯಿತು. ಅವಳ ಪಾಸ್‌ಪೋರ್ಟು ಮೇಲಿನ ಮಹಡಿಯ ಮೇಲ್ವಿಚಾರಕನ ಉಕ್ಕಿನ ಬೀರುವಿನಲ್ಲಿದೆ. ಅಲ್ಲಿ ಎಲ್ಲರದೂ ಅಲ್ಲೇ. ಕಳೆದುಹೋಗಬಾರದು ಅಂತ, ಎನ್ನುತ್ತಾರಂತೆ. ಅಪ್ಪ ಸತ್ತಾಗ ಆ ಮೇಲ್ವಿಚಾರಕ ಬೀಗದಕೈ ಜೇಬಿನಲ್ಲಿಟ್ಟುಕೊಂಡು ಹೆಂಡತಿಯ ಊರಿಗೆ ಹೋಗಿದ್ದ. ನಾಲ್ಕು ದಿನ. ಅಕ್ಕ ಫೋನಿನಲ್ಲಿ ಅಳಲಿಲ್ಲ. "ಫೋನು ಅಲ್ಲೇ ಅಪ್ಪನ ಹತ್ತಿರ ಇಡೋ, ನಾನು ಕೇಳ್ತಾ ಕೂತಿರ್ತೀನಿ" ಎಂದಳು. ಅವನು ಇಟ್ಟ. ಸತ್ತವನ ಪಕ್ಕದಲ್ಲಿ ಫೋನು ಒಂದೂವರೆ ಗಂಟೆ ಇತ್ತು. ಅಕ್ಕ ಏನು ಕೇಳಿಸಿಕೊಂಡಳೋ. ಕುರ್ಚಿ ಎಳೆದದ್ದು, ಯಾರೋ ಕೆಮ್ಮಿದ್ದು, ಹಾಲಿನವನಿಗೆ ಈವತ್ತು ಬೇಡ ಎಂದದ್ದು.

ಮೇಲೆ ಸಂತೋಷಕೂಟ ನಡೆದಿತ್ತು. ಬಾಗಿಲ ಬಳಿ ಎರಡು ಪುಟ್ಟ ಬಾವುಟಗಳು ಒಂದೇ ಹಿಡಿಕೆಯಲ್ಲಿ ಕೂತಿದ್ದವು. ಒಳಗೆ ಬಂದರಿನ ಮಾತು, ವಿದ್ಯುತ್ ಮಾರ್ಗದ ಮಾತು, ಗೋಧಿಯ ಮಾತು. ಹಡಗು ಕಂಪನಿಯ ದಪ್ಪನೆಯ ಮನುಷ್ಯ ಅವರ ಕಡೆಯ ಅಧಿಕಾರಿಯ ಬೆನ್ನು ತಟ್ಟುತ್ತಿದ್ದ. ಇದೆಲ್ಲ ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು. ಒಂದೂವರೆ ವರ್ಷದ ಮಾತುಕತೆಯಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿದ್ದವನು ಅವನು. ಬಂದರು ಆದರೆ ಈ ಊರಿನ ಅರ್ಧ ಹುಡುಗರಿಗೆ ಕೆಲಸ. ಅವರ ವಿದ್ಯುತ್ತು ಬಂದರೆ ಬೇಸಗೆಯಲ್ಲಿ ಆಸ್ಪತ್ರೆಗಳಲ್ಲಿ ದೀಪ ಆರುವುದಿಲ್ಲ. ಒಂಬತ್ತನೆಯ ವಿಧಿ ಅಲ್ಲಿ ದುಡಿಯುವ ನಮ್ಮ ಕೆಲಸಗಾರರದು. ಹನ್ನೊಂದನೆಯ ಪುಟದ ಬುಡದಲ್ಲಿರಬೇಕಾದ ಅದರ ಕೊನೆಯ ವಾಕ್ಯಕ್ಕೆ ಏಳು ತಿಂಗಳು ಹಿಡಿದಿತ್ತು. ನಮ್ಮವರು ಇಟ್ಟರು, ಅವರು ತೆಗೆದರು. ನಮ್ಮವರು ಮತ್ತೆ ಇಟ್ಟರು, ಅವರು ಎದ್ದು ಹೋದರು. ಗೋಧಿಯ ದರದಲ್ಲಿ ನಮ್ಮವರು ಒಂದು ಹೆಜ್ಜೆ ಇಳಿದ ದಿನ ಅವರು ಹೂಂ ಎಂದರು. ಅಂದು ಮನೆಗೆ ಬಂದವನೇ, ಬಾಯಿಬಿಡಬಾರದ ವಿಷಯವನ್ನು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅಕ್ಕನಿಗೆ ಫೋನಿನಲ್ಲಿ ನಮ್ಮ ಭಾಷೆಗೆ ತಿರುಗಿಸಿ ಓದಿ ಹೇಳಿದ್ದ: 'ಪ್ರತಿಯೊಬ್ಬ ಕೆಲಸಗಾರನ ಪ್ರಯಾಣಪತ್ರವು ಆತನ ಬಳಿಯೇ ಇರತಕ್ಕದ್ದು, ಯಾವ ಕಾರಣಕ್ಕೂ ಅದನ್ನು ಇನ್ನೊಬ್ಬರು ಇರಿಸಿಕೊಳ್ಳತಕ್ಕದ್ದಲ್ಲ.' ಅಕ್ಕ ಇನ್ನೊಂದು ಸಲ ಓದು ಎಂದಳು. ಮತ್ತೆ ಓದಿದ. "ಚೆನ್ನಾಗಿದೆ ಕಣೋ, ತುಳಿಯೋಕೆ ಬರುತ್ತೆ" ಎಂದಳು. ಅಪ್ಪನ ಯಂತ್ರದ ಲಯಕ್ಕೆ ಕೂರುತ್ತದೆ ಎಂದು ಅದರ ಅರ್ಥ.

ಗಂಟಲು ಕಂಬದ ಹತ್ತಿರ ಹಣ್ಣಿನ ತಟ್ಟೆ ಹಿಡಿದು ನಿಂತಿದ್ದಳು. ಅವನು ಹತ್ತಿರ ಹೋಗಿ, ತುಟಿ ಆಡಿಸದೆ ಹನ್ನೊಂದನೆಯ ಪುಟದ ವಿಷಯ ಹೇಳಿದ. ಅವಳು ಮೊದಲು ನಕ್ಕಳು; ಆಮೇಲೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ನಾನು ಓದಿದೀನಪ್ಪ. ಅದನ್ನ ಓದಿದ್ದು ನನಗೆ ಚೆನ್ನಾಗಿ ನೆನಪಿದೆ."

"ನೀವು ಓದಿದ್ರಿ. ನಾನೂ ಕೇಳಿದೆ."

"ಮತ್ತೆ?"

"ಮತ್ತೇನಿಲ್ಲ. ಪುಟದಲ್ಲಿ ಇರಲಿಲ್ಲ."

"ನೋಡಿ ಕಿವಿಯಣ್ಣ, ನಿಮಗೆ ಇನ್ನು ಎಂಟು ವರ್ಷ ಸರ್ವೀಸಿದೆ. ನನಗೆ ಹನ್ನೊಂದು. ಯಾರೂ ಕೇಳ್ದೆ ಇರೋದಕ್ಕೆ ಉತ್ತರ ಕೊಡೋಕೆ ಹೋಗ್ಬೇಡಿ. ಅವರಾಗಿ ಅವರು ನೋಡಿದ್ರೆ ಆಗ ಮಾತಾಡೋಣ."

"ಅವರು ನೋಡದೆ ಇದ್ರೆ?"

"ನೋಡದೆ ಇದ್ರೆ ಇನ್ನೂ ಒಳ್ಳೇದಾಯ್ತಲ್ಲ" ಎಂದಳು, ಮತ್ತೆ ತಟ್ಟೆ ಎತ್ತಿಕೊಳ್ಳುತ್ತಾ. ಆದರೆ ಅದರಲ್ಲಿದ್ದುದನ್ನು ತಿನ್ನಲಿಲ್ಲ.

ಕೋಣೆಯ ಆ ತುದಿಯಲ್ಲಿ ಆ ದೇಶದವರ ಕೇಳುಗಾರ್ತಿ ನಿಂತಿದ್ದಳು. ಬೆಳ್ಳಿಬಣ್ಣದ ಕಟ್ಟಿನ ಕನ್ನಡಕದ, ತೆಳ್ಳನೆಯ, ಅವನದೇ ವಯಸ್ಸಿನ ಹೆಂಗಸು. ಎರಡು ದೇಶಕ್ಕೂ ಸ್ವಂತವಲ್ಲದ ಒಂದು ಮೂರನೆಯ ಭಾಷೆಯಲ್ಲಿ ಒಪ್ಪಂದ ಬರೆಯುವುದು ರೂಢಿ. ಆ ಭಾಷೆಯಲ್ಲಿ ಅವರಿಬ್ಬರೂ ಒಂಬತ್ತು ವರ್ಷಗಳಲ್ಲಿ ನೂರು ಮಾತು ಆಡಿರಬಹುದು, ಅಷ್ಟೆ. ಆದರೂ ಅವಳು ಉಸಿರಾಡುವ ಲೆಕ್ಕ ಅವನಿಗೆ ಗೊತ್ತಿತ್ತು. ಈಗ ಅವಳು ಅವನನ್ನು ನೋಡಿದಳು. ಕೂಡಲೇ ಬಗ್ಗಿ, ಬಿಚ್ಚಿಕೊಂಡಿಲ್ಲದ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳತೊಡಗಿದಳು. ಅವಳಿಗೂ ಗೊತ್ತು, ಅಂದುಕೊಂಡ. ಗೊತ್ತು ಎಂದುಕೊಂಡ ಗಳಿಗೆಯಲ್ಲಿ ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ತಪ್ಪು ಇಬ್ಬರಲ್ಲಿ ಹಂಚಿದರೆ ಅರ್ಧವಾಗುವುದಿಲ್ಲ. ಎರಡಾಗುತ್ತದೆ.

ಆಗಲೇ ಜೇಬಿನಲ್ಲಿ ಫೋನು ನಡುಗಿತು. ಅಕ್ಕ. ಅವನು ಮೆಟ್ಟಿಲ ಕಡೆಗೆ ಓಡಿದ. ಓಡಿದ ಎನ್ನುವುದು ಸರಿಯಲ್ಲ; ಕಚ್ಚುವ ಬೂಟಿನಲ್ಲಿ ಒಂದು ಕಾಲು ಬಿಗಿಹಿಡಿದು ಬೇಗ ಬೇಗ ನಡೆದ. ಆ ಕಡೆ ಒಗೆಯುವ ಯಂತ್ರಗಳ ಗುಡುಗು.

"ಟಿವಿಲಿ ನಿನ್ನ ನೋಡ್ದೆ ಕಣೋ. ಮಂತ್ರಿ ಹಿಂದೆ ನಿಂತಿದ್ದೆ. ನಮ್ಮ ತಮ್ಮ ಅಂತ ಎಲ್ಲರಿಗೂ ತೋರಿಸ್ದೆ. ತೋರಿಸೋಷ್ಟರಲ್ಲಿ ತಲೆ ಆ ಕಡೆ ತಿರುಗಿಸಿಬಿಟ್ಟೆ, ಪೆದ್ದ."

"ಫೋಟೋದವನು ಹೇಳ್ದ ಅಕ್ಕ."

"ಹೇಳ್ದ ಅಂತ ತಿರುಗಿಸೋದಾ? ದಪ್ಪ ಆಗಿದೀಯ. ಅಲ್ವೋ..." ಎಂದು ದನಿ ತಗ್ಗಿಸಿದಳು, ಯಂತ್ರಗಳ ನಡುವೆ ಯಾರು ಕೇಳುತ್ತಾರೆಂದು ತಗ್ಗಿಸಿದಳೋ. "ಅದು ಬಂತೇನೋ? ಆ ಮಾತು? ಇಲ್ಲಿ ನಾವು ಹದಿನೇಳು ಜನ ಇದೀವಿ. ನಾಳೆ ಬೆಳಿಗ್ಗೆ ಒಟ್ಟಿಗೆ ಹೋಗಿ ಕೇಳೋಣ ಅಂತ ಮಾತಾಡ್ಕೊಂಡಿದೀವಿ. ನಾನೇ ಮುಂದೆ ನಿಂತ್ಕೋತೀನಿ ಅಂದೆ. ನನ್ನ ತಮ್ಮ ಕಣ್ಣಾರೆ ನೋಡಿದಾನೆ ಅಂತ ಹೇಳಿದೀನಿ."

ಮೆಟ್ಟಿಲ ಕಟಕಟೆ ತಣ್ಣಗಿತ್ತು. ಕಣ್ಣಾರೆ.

"ಬಂತು" ಎಂದ.

"ಬಂತಾ."

"ನಮ್ಮ ಪ್ರತೀಲಿ ಇದೆ ಅಕ್ಕ" ಎಂದ. ಅದು ಸುಳ್ಳಲ್ಲ. ಅದು ಸುಳ್ಳಲ್ಲ ಎನ್ನುವುದೇ ಅವನ ಬೆನ್ನಿನಲ್ಲಿ ಬೆವರಾಗಿ ಇಳಿಯಿತು. ಅಕ್ಕ ಒಂದು ಕ್ಷಣ ಸುಮ್ಮನಿದ್ದಳು. ಗುಂಡಿಯ ಡಬ್ಬಿಗೆ ಕೈ ಹಾಕುವ ಮುಂಚೆ ಹೀಗೇ ಸುಮ್ಮನಿರುತ್ತಿದ್ದಳು. ಆಮೇಲೆ ಆ ಕಡೆ ಯಾರೋ ಕೂಗಿದರು, ಯಂತ್ರ ನಿಂತಿತು. "ಆಮೇಲೆ ಮಾಡ್ತೀನಿ" ಎಂದಳು.

ನಾಳೆ ಬೆಳಿಗ್ಗೆ ಹದಿನೇಳು ಹೆಂಗಸರು ಮೆಟ್ಟಿಲು ಹತ್ತಿ ಹೋಗುತ್ತಾರೆ. ಮೇಲ್ವಿಚಾರಕ ತನ್ನ ದೇಶದ ಪ್ರತಿ ತರಿಸಿ ನೋಡುತ್ತಾನೆ. ಅವನಿಗೆ ಇನ್ನೊಂದು ಪ್ರತಿ ಯಾಕೆ ಬೇಕು. ಒಂಬತ್ತನೆಯ ವಿಧಿ, ಮೊದಲ ವಾಕ್ಯ, ಆಮೇಲೆ ಬಿಳಿ. ಎಲ್ಲಿದೆ ತಾಯಿ, ತೋರಿಸು. ಅಕ್ಕ ಏನು ತೋರಿಸಿಯಾಳು? ಫೋನಿನಲ್ಲಿ ತಮ್ಮ ಓದಿದ ಲಯವನ್ನೇ? ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಕೋಟಿನ ಹಿಂಭಾಗ ಕೊಳೆಯಾಗುತ್ತದೆ ಎಂದು ಎದ್ದ, ಮತ್ತೆ ಕೂತ. ಮೂರು ದಿನದ ಹಿಂದೆ, ಬಾಗಿಲು ಹಾಕಿದ ಕೋಣೆಯಲ್ಲಿ, ಗಂಟಲಿನ ದನಿ ನಾಲ್ಕನೆಯ ತಾಸಿನಲ್ಲೂ ಬಿರಿದಿರಲಿಲ್ಲ. ಬಂದರು, ತೆರಿಗೆ, ವಿದ್ಯುತ್ತು ಎಲ್ಲ ದಾಟಿ ಅವಳು ಒಂಬತ್ತಕ್ಕೆ ಬಂದಳು. ಇನ್ನು ಬರುತ್ತದೆ, ಇನ್ನು ಬರುತ್ತದೆ ಎಂದು ಅವನ ಕಾಲು ಮೇಜಿನ ಕೆಳಗೆ ತನಗೆ ತಾನೇ ತುಳಿಯತೊಡಗಿತ್ತು. ಮೊದಲ ವಾಕ್ಯ ಮುಗಿಯಿತು. ಅವಳು ಉಸಿರೆಳೆದುಕೊಂಡಳು. 'ಪ್ರತಿಯೊಬ್ಬ ಕೆಲಸಗಾರನ' ಎಂದಳು. ಅವನು ಕಣ್ಣು ಮುಚ್ಚಿದ. ಇದೇ, ಇಷ್ಟೇ. ಬೇರೆ ಏನೂ ಆಗಲಿಲ್ಲ. ನಿದ್ದೆಯಲ್ಲ, ಆಯಾಸವಲ್ಲ, ಅಲಕ್ಷ್ಯವಲ್ಲ. ಅಲಕ್ಷ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಇಡೀ ಹನ್ನೆರಡು ಪುಟಗಳಲ್ಲಿ ತನಗೆ ಬೇಕಾಗಿದ್ದ ಒಂದೇ ವಾಕ್ಯವನ್ನು, ದೇವರ ಮುಂದೆ ಕೂತವನ ಹಾಗೆ, ಕಣ್ಣು ಮುಚ್ಚಿ ಕೇಳಿದ್ದ. ಕಿವಿ ತುಂಬಿತು. ಕಣ್ಣು ತೆರೆದಾಗ ಅವಳು ಪುಟ ತಿರುಗಿಸುತ್ತಿದ್ದಳು. ಅವನೂ ಮೂಲೆಯಲ್ಲಿ ಗುರುತು ಹಾಕಿ, ಪುಟ ತಿರುಗಿಸಿದ್ದ.

ಕೊನೆಯ ತಿಂಗಳಲ್ಲಿ ಅಪ್ಪ ಮಲಗಿದಲ್ಲೇ ಪದ್ಯ ಹೇಳುತ್ತಿದ್ದ. ತುಳಿಯಲಾಗದ ಕಾಲು ಹೊದಿಕೆಯ ಕೆಳಗೆ ಅಲ್ಲಾಡುತ್ತಿತ್ತು. ಒಂದು ಬೆಳಿಗ್ಗೆ ಇವನಿಗೆ ಆಫೀಸಿನ ಬಸ್ಸು ತಪ್ಪುವುದರಲ್ಲಿತ್ತು. ಅಪ್ಪ ನಾಲ್ಕು ಸಾಲು ಹಾರಿಸಿಬಿಟ್ಟ. "ಬಿಟ್ಟೆ" ಎನ್ನುವುದೇ ಎಂದುಕೊಂಡ ಇವನು, ಹೇಳಿದರೆ ಮತ್ತೆ ಮೊದಲಿಂದ, ಪಾಪ, ಮುದುಕನಿಗೆ ಯಾಕೆ ನೋವು ಎಂದೂ ಅಂದುಕೊಂಡ. ಅಪ್ಪ ಇನ್ನೆರಡು ಸಾಲು ಹೋಗಿ ನಿಂತ. ಕಣ್ಣು ತೆರೆದ. "ನೀನು ಕೇಳ್ತಿರಲಿಲ್ಲ" ಎಂದ. "ಕೇಳ್ತಿದ್ದೆ ಅಪ್ಪ." ಅಪ್ಪ ಅವನನ್ನು ನೋಡಿದ, ತಪ್ಪು ಹೊಲಿದ ತೋಳನ್ನು ಬಿಚ್ಚುವ ಮುಂಚೆ ನೋಡುತ್ತಿದ್ದ ಹಾಗೆ. "ಹಾಗಾದ್ರೆ ಇನ್ನೂ ಕೆಟ್ಟದಾಯ್ತು" ಎಂದು ಗೋಡೆಯ ಕಡೆ ತಿರುಗಿದ. ಮತ್ತೆ ಅವನ ಮುಂದೆ ಪದ್ಯ ಹೇಳಲಿಲ್ಲ. ಬಸ್ಸೂ ತಪ್ಪಿತ್ತು.

ಅವನು ಎದ್ದು, ಮೇಲಿನ ಮಹಡಿಗೆ, ವಿಭಾಗದ ನಿರ್ದೇಶಕರ ಕೋಣೆಗೆ ಹೋದ. ಬಾಗಿಲು ತಟ್ಟುವ ಮುಂಚೆಯೇ ಒಳಗಿಂದ "ಬನ್ನಿ ಬನ್ನಿ, ನಿಮಗೇ ಹೇಳಿಕಳಿಸೋಣ ಅಂತಿದ್ದೆ" ಎಂಬ ದನಿ ಬಂತು. ಒಳಗೆ ಮೇಜಿನ ಮೇಲೆ ಕೆಂಪು ಪ್ರತಿ ಇತ್ತು. ಅದರ ದಾರ ಬಿಚ್ಚಿತ್ತು. ಪಕ್ಕದಲ್ಲಿ ಸೂಜಿ, ಹೊಸ ದಾರದ ಉಂಡೆ, ಅರಗಿನ ಕಡ್ಡಿ, ಬೆಂಕಿಪೊಟ್ಟಣ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಅವರ ಕೇಳುಗಾರ್ತಿ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬಿಚ್ಚಿದ ದಾರವನ್ನು ಕಂಡದ್ದೇ ಅವನು ಬಾಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಸಡಿಲವಾಯಿತು. ಆದರೂ ಹೇಳಿದ. "ಸರ್, ನೀಲಿ ಪ್ರತಿಯ ಹನ್ನೊಂದನೇ ಪುಟದಲ್ಲಿ ಒಂದು ವಾಕ್ಯ ಇಲ್ಲ. ನೋಡಿದವನು ನಾನು. ತಪ್ಪು ನನ್ನದು."

"ಗೊತ್ತು, ಕೂತ್ಕೊಳ್ಳಿ" ಎಂದರು ನಿರ್ದೇಶಕರು. ಅವರು ಕೆಟ್ಟವರಲ್ಲ. ಅವನ ಹೆಂಡತಿಗೆ ಆಪರೇಷನ್ ಆದಾಗ ತಮ್ಮ ಕಾರು ಕಳಿಸಿದ್ದರು. "ಇವರೂ ಈಗಲೇ ಬಂದು ಹೇಳಿದ್ರು. ಹಳೇ ಕರಡಿನ ಪುಟ ಅದು, ಅವರ ಅಚ್ಚಿನವರು ಸೇರಿಸಿಬಿಟ್ಟಿದಾರೆ. ಯಾರೂ ಬೇಕೂಂತ ಮಾಡಿದ್ದಲ್ಲ."

"ಹಾಗಾದ್ರೆ ಅವರ ಪ್ರತಿಗೆ ಸೇರಿಸಬಹುದಲ್ಲ ಸರ್."

"ಅದನ್ನೇ ಕೇಳ್ದೆ. ಅವರ ಪ್ರತಿ ತೆರೆಯೋ ಹಾಗಿಲ್ಲವಂತೆ. ತೆರೆದರೆ ಅವರ ಮಂತ್ರಿಮಂಡಲಕ್ಕೆ ಮತ್ತೆ ಹೋಗಬೇಕು. ಅಲ್ಲಿ ಆ ವಾಕ್ಯ ಕಿತ್ತುಹಾಕೋಕೆ ಕಾಯ್ಕೊಂಡು ಕೂತೋರು ಇದಾರೆ. ಒಂಬತ್ತು ಬಿಚ್ಚಿದರೆ ಗೋಧಿ ಬಿಚ್ಚುತ್ತೆ, ಗೋಧಿ ಬಿಚ್ಚಿದರೆ ಬಂದರು. ಊಟ ಮುಗಿದ ಮೇಲೆ ಅಕ್ಕಿ ಆರಿಸೋಕೆ ಕೂರೋದಾ?" ಅವರು ಒಂದು ಹಾಳೆಯನ್ನು ಅವನತ್ತ ಸರಿಸಿದರು. ಹೊಸದಾಗಿ ಅಚ್ಚಾದ ಹನ್ನೊಂದನೆಯ ಪುಟ, ಕೆಂಪು ಪ್ರತಿಯದು. ಇನ್ನೂ ಬೆಚ್ಚಗಿತ್ತು. ಬುಡದಲ್ಲಿ ನಾಲ್ಕು ಬೆರಳಷ್ಟು ಬಿಳಿ. "ಅವರದರಲ್ಲಿ ಸೇರಿಸೋಕಾಗಲ್ಲ. ನಮ್ಮದರಿಂದ ತೆಗೀಬಹುದು. ಎರಡೂ ಒಂದೇ ಆಗುತ್ತೆ. ಸಹಿ ಇರೋದು ಹನ್ನೆರಡರಲ್ಲಿ. ಅದನ್ನ ಯಾರೂ ಮುಟ್ಟೋದಿಲ್ಲ."

ಅವನು ಪುಟವನ್ನು ನೋಡಿದ. ಎಷ್ಟು ಚೆನ್ನಾಗಿ ಅಚ್ಚಾಗಿದೆ. ಏನೂ ಕಳೆದಂತೆ ಕಾಣುವುದಿಲ್ಲ. ಹೀಗೇ ಅಲ್ಲವೇ ಕಳೆಯುವುದು.

"ಆಮೇಲೆ ಪತ್ರವ್ಯವಹಾರದಲ್ಲಿ ಆ ವಿಷಯ ಎತ್ತೋಣ" ಎಂದರು ನಿರ್ದೇಶಕರು. "ಮುಂದಿನ ವರ್ಷ. ನಾನೇ ಬರೀತೀನಿ. ಮತ್ತೆ, ನಿಜ ಹೇಳ್ಬೇಕಂದ್ರೆ, ಆ ವಾಕ್ಯ ಇದ್ದರೆ ತಾನೇ ಏನು? ಬೀರು ಬೀಗ ತೆಗೆಯೋದು ಕೀಲಿಕೈ, ವಾಕ್ಯ ಅಲ್ಲ."

ಬೀರು. ಇವರಿಗೆ ಯಾರು ಹೇಳಿದರು ಬೀರುವಿನ ವಿಷಯ? ಯಾರೂ ಹೇಳಿಲ್ಲ. ಎಲ್ಲ ಕಡೆಯೂ ಬೀರುವೇ ಇರುತ್ತದೆ, ಅಷ್ಟೆ, ಎಲ್ಲರಿಗೂ ಗೊತ್ತು. ಅವನು ಕಿಟಕಿಯ ಕಡೆ ನೋಡಿದ. "ನೀವು ಸಹಿ ಹಾಕಿದ್ರಾ?" ಎಂದು ಆ ಮೂರನೆಯ ಭಾಷೆಯಲ್ಲಿ ಕೇಳಿದ. ಅವರ ಕೇಳುಗಾರ್ತಿ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಮ್ಮಲ್ಲಿ ಕೆಲಸ ಹೋದರೆ ಮನೆಯೂ ಹೋಗುತ್ತೆ" ಎಂದಳು, ಅವನನ್ನು ನೋಡದೆ. ಮತ್ತೆ ಸ್ವಲ್ಪ ತಡೆದು, "ಆ ದಿನ ನೀವು ಕಣ್ಣು ಮುಚ್ಚಿದ್ದನ್ನ ನಾನು ನೋಡಿದೆ. ಪ್ರಾರ್ಥನೆ ಮಾಡ್ತಿದೀರಿ ಅಂದುಕೊಂಡು ಸುಮ್ಮನಾದೆ" ಎಂದಳು. ಆ ಭಾಷೆಯಲ್ಲಿ ಅವಳು ಅವನೊಡನೆ ಆಡಿದ ಅತಿ ಉದ್ದನೆಯ ಮಾತು ಅದು.

ಮೇಜಿನ ಮೇಲೆ ಇನ್ನೊಂದು ಹಾಳೆ ಇತ್ತು. ಎರಡು ಪ್ರತಿಗಳೂ ಅಕ್ಷರಶಃ ಒಂದೇ. ಕೆಳಗೆ ಎಡಕ್ಕೆ ಅವಳ ಸಹಿ, ಬಲಕ್ಕೆ ಖಾಲಿ ಗೆರೆ. ದಿನಾಂಕ ಮೂರು ದಿನದ ಹಿಂದಿನದು. ವಿಚಿತ್ರವೆಂದರೆ ಈ ಸಲ ಆ ಮಾತು ನಿಜವಾಗುತ್ತದೆ. ಹಿಂದಿನ ಹಾಳೆಗೆ ತಾನು ಹಾಕಿದ್ದ ಸಹಿಯೇ ಸುಳ್ಳು. ಈಗ ಸಹಿ ಹಾಕಿದರೆ ತನ್ನ ತಪ್ಪು ಇದ್ದದ್ದೇ ಇಲ್ಲವಾಗುತ್ತದೆ. ಹಾಕದಿದ್ದರೆ ದಾರ ಪೋಣಿಸುವಂತಿಲ್ಲ. ಬಿಚ್ಚಿದ ಪ್ರತಿ ಮಂತ್ರಿಗಳ ಮುಂದೆ ಹೋಗಬೇಕು, ಇಬ್ಬರು ಕೇಳುಗರ ಹೆಸರು ವರದಿಯಲ್ಲಿ ಬರಬೇಕು, ನಾಳೆಯ ಪತ್ರಿಕೆಗಳು ನಗಬೇಕು. ಹಡಗಿನ ದಪ್ಪ ಮನುಷ್ಯ, ಆಸ್ಪತ್ರೆಯ ದೀಪಗಳು, ಕೆಲಸಕ್ಕೆ ಕಾದಿರುವ ಹುಡುಗರು, ಈ ಹೆಂಗಸಿನ ಮನೆ, ಎಲ್ಲ ಆ ಖಾಲಿ ಗೆರೆಯ ಮೇಲೆ ಬಂದು ಸಾಲಾಗಿ ಕೂತವು. ಅದರ ಕೆಳಗೆ, ನೆಲಮಾಳಿಗೆಯಲ್ಲಿ, ಒಂದು ಯಂತ್ರ ತಿರುಗುತ್ತಿತ್ತು. ಅಕ್ಕ ಉಸಿರು ಹಿಡಿದು ಕಾಯುತ್ತಿದ್ದಳು, ಡಬ್ಬಿಯ ಮೇಲೆ ಕೈಯಿಟ್ಟು. ತಾನು ಯಾವ ಸಾಲು ಬಿಡುತ್ತೇನೆಂದು ಅವಳಿಗೆ ಮುಂಚೆಯೇ ಗೊತ್ತಿರುವ ಹಾಗೆ.

"ನೀವು ಇಪ್ಪತ್ತಾರು ವರ್ಷ ಒಂದೇ ಒಂದು ಸಲ ಎದುರು ಮಾತಾಡಿದವರಲ್ಲ" ಎಂದರು ನಿರ್ದೇಶಕರು, ಹೊಗಳುವ ದನಿಯಲ್ಲಿ. ಮಂತ್ರಿಗಳು ಮೇಜಿನ ಮೇಲೆ ಬಿಟ್ಟುಹೋಗಿದ್ದ ಪೆನ್ನು ಅವರ ಕೈಯಲ್ಲಿತ್ತು, ಮುಚ್ಚಳವಿಲ್ಲದೆ. "ಇದರಲ್ಲೇ ಹಾಕಿ, ಶಾಯಿ ಒಂದೇ ಬಣ್ಣ ಇರ್ಲಿ. ಓದಬೇಡಿ, ಯೋಚನೆ ಮಾಡಬೇಡಿ. ಕಣ್ಣು ಮುಚ್ಕೊಂಡು ಒಂದು ಸಹಿ ಹಾಕಿಬಿಡಿ, ಮನೆಗೆ ಹೋಗಿ ಬೂಟು ಬಿಚ್ಚಿ ಮಲಗಿ."

ಅವನು ಪೆನ್ನನ್ನು ತೆಗೆದುಕೊಂಡ. ಕೋಟಿನ ಜೇಬಿನಿಂದ ಮುಚ್ಚಳ ತೆಗೆದು, ಅದಕ್ಕೆ ಹಾಕಿ, ಟಕ್ಕೆನ್ನುವವರೆಗೆ ಒತ್ತಿ, ಬಿಚ್ಚಿದ ದಾರದ ಪಕ್ಕದಲ್ಲಿ ಇಟ್ಟ.

"ಒಂದು ಸಲ ಕಣ್ಣು ಮುಚ್ಚಿದ್ದೆ ಸರ್" ಎಂದ. "ಸಹಿ ಹಾಕೋದಿಲ್ಲ."